‘ದಿ’ ಬಿಟ್ಟುಹೋಗುವುದು ಉದಾಸೀನದಿಂದಲ್ಲ

ಪ್ರಶ್ನೆ: ನಾನು ಶಿವಮೊಗ್ಗದವಳು. ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ಹೊರದೇಶದ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಬರವಣಿಗೆ ಕಲಿಸುತ್ತೇನೆ. ತರಗತಿಯಲ್ಲಿ ಹೆಚ್ಚಿನವರು ಚೀನಾದವರು. ಚೆಂಗ್ಡುವಿನ ಒಬ್ಬ ಹುಡುಗಿ ಬಲು ಚುರುಕು, ಆದರೆ ‘ಎ’, ‘ದಿ’ ಎಂಬ ಆರ್ಟಿಕಲ್‌ಗಳನ್ನು ಒಂದು ಕಡೆ ಹಾಕುತ್ತಾಳೆ, ಇನ್ನೊಂದು ಕಡೆ ಬಿಡುತ್ತಾಳೆ. ನಿಯಮ ಕೇಳಿದರೆ ಪಟಪಟನೆ ಒಪ್ಪಿಸುತ್ತಾಳೆ. ಪ್ರತಿ ತಪ್ಪಿಗೂ ಕೆಂಪು ಶಾಯಿಯಲ್ಲಿ ಗುರುತು ಹಾಕಿ ಕೊಟ್ಟೆ. ಹಾಳೆ ನೋಡಿ ಅತ್ತುಬಿಟ್ಟಳು. ಅವಳಿಗೆ ಉದಾಸೀನವೇ? ಅಥವಾ ಆರ್ಟಿಕಲ್ ಇಲ್ಲದ ಭಾಷೆಯಿಂದ ಬಂದ ನಾನೇ ಇದನ್ನು ಕಲಿಸಲು ತಕ್ಕವಳಲ್ಲವೇ?
– ಹೆಸರು ಬೇಡ, ಲೀಡ್ಸ್

ಉತ್ತರ: ಉದಾಸೀನ ಎಂಬ ಅನುಮಾನವನ್ನು ಇವತ್ತೇ ಬಿಟ್ಟುಬಿಡಿ. ಚೀನಾದ ಕಾಲೇಜು ಪ್ರವೇಶ ಪರೀಕ್ಷೆ ಗಾವ್‌ಕಾವ್‌ನಲ್ಲಿ ಇಂಗ್ಲಿಷಿಗೆ 150 ಅಂಕ. ಬಿಟ್ಟ ಸ್ಥಳ ತುಂಬುವ ಪ್ರಶ್ನೆಗಳಲ್ಲಿ ಆರ್ಟಿಕಲ್ ಆಗಾಗ ಬರುತ್ತದೆ. ಆ ಪರೀಕ್ಷೆಗೆ ಓದಿ ಬಂದವರಿಗೆ ನಿಯಮ ಬಾಯಿಪಾಠವಾಗಿರುತ್ತದೆ. ಖಾಲಿ ಜಾಗ ಕಣ್ಣೆದುರಿಗಿದ್ದರೆ ತುಂಬುತ್ತಾರೆ. ತಾವೇ ಬರೆಯುವಾಗ ಅಲ್ಲೊಂದು ಜಾಗ ಖಾಲಿ ಇದೆ ಎನ್ನುವುದೇ ಹೊಳೆಯುವುದಿಲ್ಲ.

ಏಕೆಂದರೆ ಅವರ ಮ್ಯಾಂಡರಿನ್ ಭಾಷೆಯಲ್ಲಿ ಆರ್ಟಿಕಲ್ ಮಾಡುವ ಕೆಲಸದ ಬಹುಪಾಲನ್ನು ಪದ ಕೂರುವ ಜಾಗವೇ ಮಾಡಿಬಿಡುತ್ತದೆ. ‘ಖರನ್ ಲಾಯ್ ಲ’ ಎಂದರೆ ನಾವು ಕಾಯುತ್ತಿದ್ದ ನೆಂಟರು ಬಂದರು ಎಂದು. ಅದೇ ಮೂರು ಪದಗಳನ್ನು ತಿರುಗಿಸಿ ‘ಲಾಯ್ ಖರನ್ ಲ’ ಎಂದರೆ ಯಾರೋ ನೆಂಟರು ಬಂದಿದ್ದಾರೆ ಎಂದು. ಕ್ರಿಯಾಪದದ ಮುಂಚೆ ಬಂದದ್ದು ಸಾಮಾನ್ಯವಾಗಿ ಗೊತ್ತಿರುವ ಸಂಗತಿ, ಆಮೇಲೆ ಬಂದದ್ದು ಹೊಸದು. ಇಷ್ಟು ಅಚ್ಚುಕಟ್ಟಾದ ಏರ್ಪಾಡಿನೊಳಗೆ ಬೆಳೆದವರಿಗೆ ‘ದಿ’ ಎನ್ನುವುದು ಹೇಳಿದ್ದನ್ನೇ ಮತ್ತೆ ಹೇಳಿದಂತೆ ಅನ್ನಿಸಿದರೆ ಅಚ್ಚರಿಯಿಲ್ಲ.

ಅವಳ ಹಾಳೆಯನ್ನು ಮತ್ತೊಮ್ಮೆ ತೆಗೆದು ನೋಡಿ. ‘ವಿ ಟುಕ್ ಎ ಸ್ಯಾಂಪಲ್. ಸ್ಯಾಂಪಲ್ ವಾಸ್ ಹೀಟೆಡ್’ ಎಂಬಂಥ ಸಾಲು ಸಿಕ್ಕೀತು. ಮೊದಲ ವಾಕ್ಯದಲ್ಲಿ ‘ಎ’ ಇದೆ. ಎರಡನೆಯದರಲ್ಲಿ, ಯಾವ ಸ್ಯಾಂಪಲ್ ಎಂದು ಓದುವವರಿಗೆ ಆಗಲೇ ಗೊತ್ತಿರುವುದರಿಂದ, ‘ದಿ’ ಹಾರಿಹೋಗಿದೆ. ಲೆಸ್ಟರ್‌ನಲ್ಲಿ ಓದುತ್ತಿದ್ದ ಚೀನೀ ವಿದ್ಯಾರ್ಥಿಗಳ ಮಾತನ್ನು ದಾಖಲಿಸಿ 2000ದಲ್ಲಿ ಡೇನಿಯಲ್ ರಾಬರ್ಟ್‌ಸನ್ ಪ್ರಕಟಿಸಿದ ಅಧ್ಯಯನವೂ ಇದನ್ನೇ ಕಂಡಿತು: ಸಂದರ್ಭದಿಂದಲೇ ತಿಳಿಯುವ ಕಡೆ ಆರ್ಟಿಕಲ್ ಬಿಡುವ ಒಲವು ಅವರಲ್ಲಿತ್ತು. ಇನ್ನೊಂದನ್ನೂ ಗಮನಿಸಿ. ನಾಮಪದಕ್ಕೆ ಮುಂಚೆ ವಿಶೇಷಣ ಬಂದಾಗ, ‘ರೆಡ್ ಕಪ್’ ಎಂಬಂಥ ಕಡೆ, ಬಿಡುವುದು ಇನ್ನೂ ಹೆಚ್ಚು. ಹಾಗೆಂದು ಆರ್ಟಿಕಲ್ ಅವರ ತಲೆಗೇ ಹೋಗಿಲ್ಲ ಎಂದುಕೊಳ್ಳಬೇಡಿ. ಡಾನಿಯೆಲಾ ಟ್ರೆಂಕಿಚ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಾಕ್ಯ ಕೇಳುತ್ತಿದ್ದ ಚೀನೀ ಕಲಿಕೆಗಾರರ ಕಣ್ಣುಗಳು ‘ದಿ’, ‘ಎ’ಗಳ ಸುಳಿವು ಹಿಡಿದೇ ಸರಿಯಾದ ವಸ್ತುವಿನತ್ತ ಹೊರಳಿದವು. ಕೇಳುವಾಗ ಕೈಗೆ ಸಿಗುವುದು ಬರೆಯುವಾಗ ಜಾರುತ್ತದೆ, ಅಷ್ಟೆ.

ಆದ್ದರಿಂದ ನಿಯಮಗಳನ್ನು ಮತ್ತೆ ಉರು ಹೊಡೆಸಬೇಡಿ. ಹಾಗೆ ಮಾಡಿದರೆ ‘ದಿ ಸೊಸೈಟಿ’, ‘ದಿ ನೇಚರ್’ ಎಂದು ಬೇಡದ ಕಡೆಯೂ ತುರುಕಲು ಶುರುಮಾಡುತ್ತಾರೆ. ಕೆಂಪು ಶಾಯಿ ಒಂದೇ ಒಂದು ಪ್ಯಾರಾಕ್ಕೆ ಸಾಕು. ಬರೆದು ಮುಗಿಸಿದ ಮೇಲೆ ಆ ಪ್ಯಾರಾವನ್ನು ನಾಮಪದಗಳಿಗಾಗಿಯೇ ಇನ್ನೊಮ್ಮೆ ಓದಲಿ. ಎಣಿಸಬಹುದಾದ ಏಕವಚನ ಸಿಕ್ಕಲ್ಲೆಲ್ಲ ನಿಂತು, ‘ಇದು ಯಾವುದು ಅಂತ ಓದುವವರಿಗೆ ಗೊತ್ತಾ?’ ಎಂದು ಕೇಳಿಕೊಳ್ಳಲಿ. ಗೊತ್ತಿದ್ದರೂ ಗೊತ್ತಿಲ್ಲದಿದ್ದರೂ ಆ ಜಾಗವನ್ನು ಬರಿದಾಗಿ ಬಿಡಬಾರದು ಎಂಬುದು ಅವಳಿಗೆ ಇನ್ನೂ ರೂಢಿಯಾಗಿಲ್ಲ. ವಿಶೇಷಣ ಇರುವ ಕಡೆ ಪೆನ್ಸಿಲ್ಲಿನಿಂದ ಗೆರೆ ಎಳೆದು ಕೊಡಿ. ಊರು-ನದಿಗಳ ಹೆಸರಿಗೆ ತರ್ಕ ಹುಡುಕಲು ಹೋಗಬೇಡಿ: ಗ್ರೇಟ್ ವಾಲ್, ಯಾಂಗ್‌ಸಿಗಳಿಗೆ ‘ದಿ’ ಬೇಕು, ವೆಸ್ಟ್ ಲೇಕ್‌ಗೆ ಬೇಡ. ಇವನ್ನು ಬಾಯಿಪಾಠ ಮಾಡುವುದೇ ಲೇಸು.

ಇನ್ನು ನಿಮ್ಮ ಯೋಗ್ಯತೆಯ ಮಾತು. ನೀವು ತಕ್ಕವರಷ್ಟೇ ಅಲ್ಲ, ಅವಳ ಪಾಲಿಗೆ ಸಿಕ್ಕ ಒಳ್ಳೆಯ ಮೇಡಂ ಎನ್ನುತ್ತೇನೆ. ‘ಪುಸ್ತಕ ಓದಿದೆ’, ‘ಪುಸ್ತಕವನ್ನು ಓದಿದೆ’ ಇವೆರಡರ ನಡುವಿನ ವ್ಯತ್ಯಾಸ ನಿಮಗೆ ಯಾರೂ ಪಾಠ ಮಾಡಿ ಹೇಳಿದ್ದಲ್ಲ. ಎರಡನೆಯದು ಸಾಮಾನ್ಯವಾಗಿ ಗೊತ್ತಿರುವ, ಗುರುತಿರುವ ಪುಸ್ತಕ. ಆರ್ಟಿಕಲ್ ಇಲ್ಲದೆಯೂ ಇದನ್ನು ತೋರಿಸುವ ಭಾಷೆಯಿಂದ ಹೊರಟು ಆರ್ಟಿಕಲ್ ಕಲಿತವರು ನೀವು. ಆ ದಾರಿ ಇಂಗ್ಲಿಷ್ ಮಾತೃಭಾಷೆಯವರಿಗೆ ಗೊತ್ತಿಲ್ಲ.

ಅವಸರ ಮಾತ್ರ ಬೇಡ. ಡೊನ್ನಾ ಲಾರ್ಡಿಯರ್ ದೀರ್ಘಕಾಲ ಅಧ್ಯಯನ ಮಾಡಿದ ಒಬ್ಬ ಚೀನೀ ಭಾಷಿಕ ಮಹಿಳೆ ಅಮೆರಿಕದಲ್ಲಿ ಹಲವು ವರ್ಷ ಇಂಗ್ಲಿಷಿನಲ್ಲೇ ಬದುಕಿದ ಮೇಲೂ ಕೆಲವು ಆರ್ಟಿಕಲ್‌ಗಳನ್ನು ಬಿಡುತ್ತಿದ್ದರು. ನಿಮ್ಮ ಹುಡುಗಿಯ ಮುಂದಿನ ಪ್ರಬಂಧದಲ್ಲಿ ವಿಚಾರಕ್ಕೆ ಬೇರೆ ಅಂಕ, ವ್ಯಾಕರಣಕ್ಕೆ ಬೇರೆ ಅಂಕ ಕೊಡಿ. ವಿಚಾರದ ಅಂಕವನ್ನು ಮೇಲೆ ಬರೆಯಿರಿ, ಅವಳ ಕಣ್ಣಿಗೆ ಅದೇ ಮೊದಲು ಬೀಳಲಿ.