ಪರೀಕ್ಷೆಗೆ ಒಯ್ಯುವ ನೀರು

ಚಾಳಿನಲ್ಲಿ ನಾಲ್ಕಾರು ಮನೆಗಳಿಗೆ ವಾಂತಿಭೇದಿ ತಗಲಿದೊಡನೆ ನಾವು ನಲ್ಲಿಯ ನೀರನ್ನು ಕೈಗೆ ಸಿಕ್ಕ ಸೀಸೆಯಲ್ಲಿ ಹಿಡಿದಿಡುತ್ತೇವೆ. ರಜೆ ಸಿಕ್ಕ ದಿನ ಪ್ರಯೋಗಶಾಲೆಗೆ ಒಯ್ಯುತ್ತೇವೆ. ಅಷ್ಟರಲ್ಲಿ ಸೀಸೆಯಲ್ಲಿರುವುದು ಆ ನಲ್ಲಿಯ ನೀರಾಗಿ ಉಳಿದಿರುವುದಿಲ್ಲ. ಹೀಗೇಕೆಂಬುದನ್ನು ತಿಳಿಯೋಣ.

ರೋಗಾಣುಗಳು ಜೀವಿಗಳು. ಸೆಕೆಯಲ್ಲಿಟ್ಟರೆ ಕೆಲವು ಹೆಚ್ಚುತ್ತವೆ, ಕೆಲವು ಸಾಯುತ್ತವೆ. ಹೇಗಾದರೂ ಎಣಿಕೆ ತಪ್ಪುತ್ತದೆ. ನೀರಿನಲ್ಲಿ ಉಳಿದ ಕ್ಲೋರಿನ್ ಸೀಸೆಯೊಳಗೂ ಅವನ್ನು ಕೊಲ್ಲುತ್ತಲೇ ಇರುತ್ತದೆ. ಕೆಟ್ಟ ನೀರೂ ಒಳ್ಳೆಯದೆಂದು ತೋರೀತು. ಆದುದರಿಂದ ಪ್ರಯೋಗಶಾಲೆಯವರೇ ಕೊಡುವ ಕ್ರಿಮಿಶುದ್ಧ ಸೀಸೆಯನ್ನು ತರಬೇಕು. ಅದರಲ್ಲಿರುವ ಸೋಡಿಯಂ ಥಯೋಸಲ್ಫೇಟ್ ಕ್ಲೋರಿನ್ನನ್ನು ಅಡಗಿಸುತ್ತದೆ; ಸೀಸೆಯನ್ನು ತೊಳೆಯಕೂಡದು. ತುಂಬಿದ ಮೇಲೆ ಬರ್ಫದ ಪೆಟ್ಟಿಗೆಯಲ್ಲಿಟ್ಟು, ಆದಷ್ಟು 6 ಗಂಟೆಯೊಳಗೆ, ತಪ್ಪಿದರೆ 24 ಗಂಟೆಯೊಳಗೆ ಪರೀಕ್ಷೆಯಾಗುವಂತೆ ತಲುಪಿಸತಕ್ಕದ್ದು.

ಲೋಹಗಳ ಸ್ವಭಾವ ಬೇರೆ. ಸೀಸದಂಥವು ಪಾತ್ರೆಯ ಗೋಡೆಗೆ ಅಂಟಿಕೊಳ್ಳುತ್ತವೆ. ಕಬ್ಬಿಣವು ಗಾಳಿ ತಾಗಿ ಕೆಂಪು ಗಸಿಯಾಗಿ ತಳಕ್ಕಿಳಿಯುತ್ತದೆ. ಪರೀಕ್ಷಕರು ನೈಟ್ರಿಕ್ ಆಮ್ಲ ಸೇರಿಸಿ ಇವನ್ನು ನೀರಿನಲ್ಲಿಯೇ ಹಿಡಿದಿಡುತ್ತಾರೆ. ಆಗ 6 ತಿಂಗಳು ಇಡಬಹುದು. ಫ್ಲೋರೈಡಿಗೆ ಆಮ್ಲ ಬೇಡ; ಪ್ಲಾಸ್ಟಿಕ್ ಸೀಸೆಯಲ್ಲಿ 28 ದಿನ ನಿಲ್ಲುತ್ತದೆ. ಉಳಿಕೆ ಕ್ಲೋರಿನ್ನನ್ನು ಮಾತ್ರ ನಲ್ಲಿಯ ಬಳಿಯೇ 15 ನಿಮಿಷದೊಳಗೆ ನೋಡಬೇಕು. ಬಿಸಿಲು ತಾಗಿದರೆ ಅದು ಬೇಗ ಕಳೆದುಹೋಗುತ್ತದೆ.

ಹೀಗಾಗಿ ಒಂದೇ ಸೀಸೆ ಎಲ್ಲ ಪರೀಕ್ಷೆಗೂ ಆಗದು. ಪ್ರತಿಯೊಂದರ ಮೇಲೂ ಸ್ಥಳ, ತಾರೀಖು, ಗಂಟೆ ಬರೆಯಿರಿ. ಹಳೆಯ ಸೀಸೆಯಿಂದ ‘ನೀರು ಚೆನ್ನಾಗಿದೆ’ ಎಂಬ ಕಾಗದ ಬಂದರೆ, ಅದನ್ನು ನಂಬಿ ಕುಡಿಯುವವರು ನಮ್ಮ ಮಕ್ಕಳೇ. ಸರಿಯಾದ ಫಲಿತಾಂಶ ಬರುವವರೆಗೆ ನೀರನ್ನು ಕುದಿಸಿಯೇ ಕುಡಿಯೋಣ.