ಹೆಜ್ಜೆ ಎಣಿಸುವ ಮೊಬೈಲು, ನಡೆಯುವ ಕಾಲು



ಆರೋಗ್ಯವೇ ಭಾಗ್ಯ ಎಂದು ಹಿರಿಯರು ಹೇಳಿದ್ದಾರೆ. ಈಗ ಆರೋಗ್ಯ ನೋಡಿಕೊಳ್ಳಲು ಮೊಬೈಲಿನಾಗ ಆ್ಯಪ್‌ಗಳು ಬಂದಾವ. ಎಷ್ಟು ನಡೆದೆವು, ಎಷ್ಟು ಮಲಗಿದೆವು, ಎಷ್ಟು ನೀರು ಕುಡಿದೆವು ಎಂದು ಅವು ಲೆಕ್ಕ ಇಡುತ್ತವೆ. ಆದರೆ ಅದೇ ಮೊಬೈಲು ನಮ್ಮನ್ನು ತಾಸುಗಟ್ಟಲೆ ಒಂದೇ ಕಡೆ ಕೂಡಿಸುತ್ತದೆ. ಹಾಗಾದರೆ ಮೊಬೈಲಿನಿಂದ ಒಳ್ಳೆಯ ರೂಢಿ ಬರುತ್ತದೆಯೋ ಇಲ್ಲವೋ? ಬನ್ನಿ, ತಿಳಿಯೋಣ.

1. ಆ್ಯಪ್ ಹೆಜ್ಜೆ ಹೇಗೆ ಎಣಿಸುತ್ತದೆ?

ಮೊಬೈಲಿನ ಒಳಗೆ ಅಲುಗಾಟ ಗುರುತಿಸುವ ಸಣ್ಣ ಸಾಧನ ಇದೆ. ನಾವು ನಡೆಯುವಾಗ ಮೈ ಸ್ವಲ್ಪ ಏರಿ ಇಳಿಯುತ್ತದೆ. ಆ ಏರಿಳಿತವನ್ನು ಆ್ಯಪ್ ಹೆಜ್ಜೆ ಎಂದು ಬರೆದುಕೊಳ್ಳುತ್ತದೆ. ಅದಕ್ಕೇ ಕುಂತಲ್ಲೇ ಕೈಯಾಗ ಹಿಡಿದು ಅಲುಗಾಡಿಸಿದರೂ ಕೆಲವು ಸಲ ಹೆಜ್ಜೆ ಏರತಾವ. ಮೊಬೈಲನ್ನು ಮನ್ಯಾಗ ಚಾರ್ಜಿಂಗಿಗೆ ಹಚ್ಚಿ ಹೊಲಕ್ಕೆ ಹೋಗಿ ಬಂದರೆ ಒಂದೂ ಏರುವುದಿಲ್ಲ. "ನಾ ದಿನಾ ಹೊಲಕ್ಕ ಹೋಗಿ ಬರತಿದ್ದೆ, ನನ್ನ ಹೆಜ್ಜಿ ಯಾರು ಎಣಿಸ್ಯಾರ?" ಎಂದು ನಮ್ಮ ಆಯಿ ನಗುತ್ತಾಳೆ. ಅವಳ ಮಾತು ಖರೆ ಅದ. ಮೈಗೆ ಬೇಕಾದದ್ದು ನಡಿಗೆ. ಲೆಕ್ಕ ನೆನಪಿಗೆ ಮಾತ್ರ.

ದಿನಕ್ಕೆ 10,000 ಹೆಜ್ಜೆ ಎಂಬ ಮಾತು ಕೇಳಿರಬಹುದು. 1965ರಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರ ಮಾರಾಟಕ್ಕೆ ಬಂತು. ಅದರ ಹೆಸರಿನ ಅರ್ಥವೇ "ಹತ್ತು ಸಾವಿರ ಹೆಜ್ಜೆ ಮಾಪಕ". ಆ ಅಂಕಿ ಅಲ್ಲಿಂದ ಹಬ್ಬಿತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇನ್ನೂ ಸರಳ: 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಚೆನ್ನಾಗಿ ಮೈ ದಣಿಸಬೇಕು. ಕಬಡ್ಡಿ, ಖೋ ಖೋ, ಸೈಕಲ್, ಚುರುಕು ನಡಿಗೆ ಎಲ್ಲವೂ ನಡೆಯುತ್ತದೆ.

2. ಉಪಯೋಗದ ಆ್ಯಪ್‌ಗಳು

ಅ) ಫಿಟ್ ಇಂಡಿಯಾ: ಇದು ಭಾರತ ಸರ್ಕಾರದ್ದು. 2021ರ ಆಗಸ್ಟ್ 29ರಂದು, ಅಂದರೆ ಹಾಕಿ ಆಟಗಾರ ಧ್ಯಾನ್‌ಚಂದ್ ಅವರ ಹುಟ್ಟುಹಬ್ಬವಾದ ರಾಷ್ಟ್ರೀಯ ಕ್ರೀಡಾ ದಿನದಂದು ಬಿಡುಗಡೆಯಾಯಿತು.

ಆ) ಡಿಜಿಟಲ್ ವೆಲ್‌ಬೀಯಿಂಗ್: ಇದು ಬಹಳಷ್ಟು ಆಂಡ್ರಾಯ್ಡ್ ಫೋನುಗಳ ಸೆಟ್ಟಿಂಗಿನಲ್ಲೇ ಇರುತ್ತದೆ. ಯಾವ ಆ್ಯಪ್ ಎಷ್ಟು ಹೊತ್ತು ನೋಡಿದೆವು ಎಂದು ತೋರಿಸುತ್ತದೆ. ದಿನಕ್ಕೆ ಅರ್ಧ ತಾಸು ಎಂದು ಮಿತಿ ಹಾಕಿದರೆ ಹೊತ್ತು ಮುಗಿದ ಮೇಲೆ ಆ ಆ್ಯಪ್ ಮುಚ್ಚಿಕೊಳ್ಳುತ್ತದೆ.

ಇ) ಅಲಾರಾಂ: ಇದು ಬಟನ್ ಫೋನಿನಲ್ಲೂ ಇದೆ. ಮಲಗುವ ಹೊತ್ತಿಗೂ ಒಂದು ಅಲಾರಾಂ ಇಡಬಹುದು. 13ರಿಂದ 18 ವರ್ಷದವರಿಗೆ 8ರಿಂದ 10 ತಾಸು, 6ರಿಂದ 12 ವರ್ಷದವರಿಗೆ 9ರಿಂದ 12 ತಾಸು ನಿದ್ದೆ ಬೇಕು. ಮುಂಜಾನೆ 6ಕ್ಕೆ ಏಳುವ ನಾವು ರಾತ್ರಿ 9ಕ್ಕೆ ಮಲಗಿದರೆ 9 ತಾಸು ಆಗುತ್ತದೆ.

3. ಆ್ಯಪ್ ಒಂದೇ ಸಾಕೇ?

ಸಾಲದು. ನಾವೇ ಹಾಕಿದ ಮಿತಿಯನ್ನು ನಾವೇ ತೆಗೆಯಬಹುದು. ಅಲಾರಾಂ ಬಂದ್ ಮಾಡಿ ಮತ್ತೆ ನೋಡುತ್ತ ಕೂಡಬಹುದು. ಮನ್ಯಾಗ ಒಬ್ಬರಿಗೆ ಮಾತ್ರ ನಿಯಮ ಹಾಕಿದರೆ ಅದು ನಿಲ್ಲುವುದಿಲ್ಲ. "ಮೊಬೈಲ್ ಇಡು" ಎಂದು ಬೈಯುವವರ ಕೈಯಾಗೂ ಮೊಬೈಲ್ ಇದ್ದರೆ ಹುಡುಗರು ಯಾರ ಮಾತು ಕೇಳಬೇಕು?

ಇದಕ್ಕೆ ಒಂದು ಊರು ದಾರಿ ತೋರಿಸಿದೆ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವದಲ್ಲಿ 2022ರ ಆಗಸ್ಟ್‌ನಲ್ಲಿ ಸಂಜೆ 7ಕ್ಕೆ ಸೈರನ್ ಊದುವ ಪದ್ಧತಿ ಶುರುವಾಯಿತು. ಸೈರನ್ ಆದ ಮೇಲೆ ಒಂದೂವರೆ ತಾಸು ಟಿ.ವಿ., ಮೊಬೈಲು ಬಂದ್. ಮಕ್ಕಳು ಓದಬೇಕು, ದೊಡ್ಡವರು ಕೂತು ಮಾತಾಡಬೇಕು. 2024ರ ಡಿಸೆಂಬರಿನಲ್ಲಿ ನಮ್ಮ ಕರ್ನಾಟಕದ ಬೆಳಗಾವಿ ಹತ್ತಿರದ ಹಲಗಾ ಗ್ರಾಮವೂ ಹೀಗೆಯೇ ಸಂಜೆ 7ರಿಂದ 9ರವರೆಗೆ ಮಾಡಿತು. ಅಲ್ಲಿ ಸೈರನ್ ಎಲ್ಲರಿಗೂ ಒಂದೇ. ಗುಟ್ಟು ಇರುವುದು ಅಲ್ಲೇ.

4. ನಾವು ಏನು ಮಾಡಬಹುದು?

ಹಳೆ ಕ್ಯಾಲೆಂಡರಿನ ಹಿಂದೆ ಮನೆಯವರೆಲ್ಲರ ಹೆಸರು ಬರೆಯಿರಿ. ಅಪ್ಪ, ಅವ್ವ, ಆಯಿ, ಅಣ್ಣ, ನೀವು. ಯಾರನ್ನೂ ಬಿಡಬೇಡಿ. ದಿನಾ ರಾತ್ರಿ ಈ ನಾಲ್ಕಕ್ಕೆ ಗುರುತು ಹಾಕಿರಿ:

* ನಡೆದಿದ್ದು ಅಥವಾ ಆಡಿದ್ದು
* ಹಣ್ಣು, ಕಾಯಿಪಲ್ಯ ತಿಂದಿದ್ದು
* ಊಟದ ಹೊತ್ತಿನಾಗ ಮೊಬೈಲ್ ದೂರ ಇಟ್ಟಿದ್ದು
* ಹೊತ್ತಿಗೆ ಸರಿಯಾಗಿ ಮಲಗಿದ್ದು

ಮೊಬೈಲು ಒಂದೇ ಇದ್ದರೂ, ಇಲ್ಲದಿದ್ದರೂ ಈ ಆ್ಯಪ್ ನಡೆಯುತ್ತದೆ! ರವಿವಾರ ಎಲ್ಲರೂ ಕೂಡಿ ನಮ್ಮ ನೌಬಾದದ ಬಹಮನಿ ಕಾಲದ ಕರೇಜ್ ಇರುವ ಕಡೆ ನಡೆದುಕೊಂಡು ಹೋಗಿರಿ. ದೊಡ್ಡವರಿಲ್ಲದೆ ಅದರ ಬಾವಿಗಳ ಹತ್ತಿರ ಹೋಗಬೇಡಿರಿ.

5. ಎಚ್ಚರಿಕೆ

ತೂಕ ಇಳಿಸುವ ಆ್ಯಪ್ ನೋಡಿ ಊಟ ಬಿಡಬಾರದು. ನಾವು ಬೆಳೆಯುವ ಮಕ್ಕಳು. ರೊಕ್ಕ, ಆಧಾರ್ ನಂಬರ್ ಕೇಳುವ ಆ್ಯಪ್ ಬಂದರೆ ದೊಡ್ಡವರಿಗೆ ತೋರಿಸಿರಿ. ಮೊಬೈಲ್ ಬಿಡಲು ಆಗುತ್ತಿಲ್ಲ ಎಂದರೆ ನಾಚಿಕೆ ಬೇಡ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ 2014ರಿಂದ ಇದಕ್ಕಾಗಿಯೇ ಬೇರೆ ವಿಭಾಗ ಇದೆ. ಬೆಂಗಳೂರು ದೂರ ಆಯಿತೇ? ಸರ್ಕಾರದ ಟೆಲಿ ಮಾನಸ್ ನಂಬರ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ, ರೊಕ್ಕ ಇಲ್ಲದೆ ಸಲಹೆ ಕೊಡುತ್ತಾರೆ.

ಈ ಗೋಡೆ ಪತ್ರಿಕೆ ಓದುವ ಅಪ್ಪ ಅವ್ವಂದಿರೇ, ಸಿಟ್ಟಾಗಬೇಡಿರಿ. ಇವತ್ತು ಸಂಜಿ 7ಕ್ಕೆ ನೀವು ಮೊದಲು ಮೊಬೈಲ್ ಮಾಡದಾಗ ಇಡಿರಿ. ನಾವೂ ಬಂದು ಪಕ್ಕದಾಗ ಇಡತೀವಿ.

— 7ನೇ ತರಗತಿ, ನೌಬಾದ