ಪೌಲನು ಕೇಳಿದ ಕೋಣೆ

ವಾಕ್ಯಭಾಗ: ಫಿಲೆಮೋನನಿಗೆ 10–22

ಸತ್ಯವೇದ ತೆಗೀರಿ. ಒನೇಸಿಮನ ಕಥೆ ಎಲ್ಲರಿಗೂ ಗೊತ್ತು. ಆದರೆ 22ನೇ ವಚನ ನಾವು ಬೇಗ ಓದಿ ದಾಟಿಬಿಡ್ತೇವೆ. ಸೆರೆಯಲ್ಲಿರುವ ಪೌಲ ಬಿಡುಗಡೆಯ ನಿರೀಕ್ಷೆಯಿಂದ ಫಿಲೆಮೋನನ ಹತ್ತಿರ ಉಳಿಯಲು ಜಾಗ ಕೇಳ್ತಾನೆ. ಸಭೆಯ ಪ್ರಾರ್ಥನೆಯನ್ನು ನಂಬ್ತಾನೆ. ಆದರೂ ಕೋಣೆ ಕೇಳ್ತಾನೆ.

1. ಬಿಡುಗಡೆಯಾದವನಿಗೆ ವಿಳಾಸ ಬೇಕು

ಹಿಂಡಲಗಾ ಜೈಲಿನಿಂದ ಹೊರಬಂದವನೊಬ್ಬ ಲಕ್ಷ್ಮೇಶ್ವರಕ್ಕೋ ಮುಂಡರಗಿಗೋ ಬಸ್ ಹತ್ತುತ್ತಾನೆ ಅನ್ನಿ. ಮನೆಯವರು ಬಾಗಿಲು ತೆರೆಯದಿದ್ದರೆ? ಬಾಡಿಗೆಗೆ ಅಡ್ವಾನ್ಸ್ ಬೇಕು, ಕೆಲಸಕ್ಕೆ ವಿಳಾಸ ಬೇಕು. ಬಸ್‌ಸ್ಟ್ಯಾಂಡಿನಲ್ಲಿ ಮಲಗಿದವನಿಗೆ ಮೊದಲು ಸಿಗೋದು ಹಳೇ ಗೆಳೆಯರೇ. 2016ರ ಮಾದರಿ ಕಾರಾಗೃಹ ಕೈಪಿಡಿಯಲ್ಲಿ ಬಿಡುಗಡೆ ನಂತರದ ಆರೈಕೆಗೇ ಒಂದು ಅಧ್ಯಾಯವಿದೆ. ಆದರೆ ಕಾಗದದ ಮಾತಿಗೆ ಬಾಗಿಲು ತೆರೆಯುವ ಮನೆ ಬೇಕಲ್ರಿ!

2. ಬೇಲಿ ಹಾಕಿದ್ದು ಮನೆಯಲ್ಲ

ನಮ್ಮ ಬೆಟಗೇರಿಯ ಸೆಟ್ಲಮೆಂಟ್‌ಗೆ ಆ ಹೆಸರು ಯಾಕೆ ಬಂತು? 1871ರ ಬ್ರಿಟಿಷ್ ಕಾಯ್ದೆ ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳು ಅಂದಿತು. ಮುಂದೆ ಅವರನ್ನು ಸೆಟ್ಲಮೆಂಟುಗಳಲ್ಲಿ ಇರಿಸಿದರು. ದಿನವೂ ಹಾಜರಿ, ಹೊರಗೆ ಹೋಗಲು ಪಾಸ್. ದೇಶದ ಕೆಲವು ಸೆಟ್ಲಮೆಂಟುಗಳನ್ನು ಕ್ರೈಸ್ತ ಮಿಷನ್‌ಗಳೇ ನಡೆಸಿದವು. ಆ ಕಾಯ್ದೆ ರದ್ದಾದದ್ದು 1952ರಲ್ಲಿ. ಏನೂ ತಪ್ಪು ಮಾಡದವರನ್ನೂ ಕಾವಲಿನಲ್ಲಿಟ್ಟರು. ಸೂರು ಕೊಟ್ಟರು, ನಂಬಿಕೆ ಕೊಡಲಿಲ್ಲ. ಈ ಪಾಠ ನಮಗೂ ಇದೆ: ಆರಾಧನೆಗೆ ಬಂದರೆ ಮಾತ್ರ ಕೋಣೆ ಅಂದರೆ ಅದೂ ಹಾಜರಿಯೇ.

3. ಪ್ರೀತಿ ಜಾಮೀನು ನಿಲ್ಲುತ್ತದೆ

18, 19ನೇ ವಚನ ನೋಡ್ರಿ. ಒನೇಸಿಮನಿಂದ ಆದ ನಷ್ಟವನ್ನು ಪೌಲ ಮುಚ್ಚಿಹಾಕಲಿಲ್ಲ. ತನ್ನ ಲೆಕ್ಕಕ್ಕೆ ಬರೆದುಕೋ ಅಂದ, ಸ್ವಂತ ಕೈಯಿಂದ ಬರೆದುಕೊಟ್ಟ. ಹಾಗಾಗಿ ನೋವು ಅನುಭವಿಸಿದವರನ್ನೂ ಮರೆಯಬೇಡಿ.

ನಾವೇನು ಮಾಡಬಹುದು? ನಾಲ್ಕೈದು ಜನ ಸೇರಿ ಅಡ್ವಾನ್ಸ್ ಕೂಡಿಸಿ. ಮನೆ ಮಾಲೀಕರಿಗೆ ವಿಷಯ ಮುಚ್ಚಿಡದೆ ಹೇಳಿ. ಕರಾರುಪತ್ರ ಅವನ ಹೆಸರಿನಲ್ಲಿರಲಿ, ಬೀಗದ ಕೈ ಅವನ ಕೈಯಲ್ಲಿರಲಿ. ಮೊದಲ ಕೆಲವು ತಿಂಗಳ ಬಾಡಿಗೆಗೆ ನೆರವಾಗಿ. ಸಂಪಾದನೆ ಶುರುವಾದಂತೆ ಅವನೇ ಕಟ್ಟಲಿ. ವಾರಕ್ಕೊಮ್ಮೆ ಹಿರಿಯರೊಬ್ಬರು ಹೋಗಿ ಜೊತೆಗೆ ಊಟ ಮಾಡಲಿ.

ಜೈಲಿಗೆ ಹೋಗಿ ಹಾಡಿ ಬರುವುದು ಒಳ್ಳೇ ಸೇವೆ. ಆದರೆ ನಮ್ಮ ಹಾಡು ಕೇಳಿದವನು ನಾಳೆ ಹೊರಬಂದು ಎಲ್ಲಿ ಮಲಗ್ತಾನೆ? ಈ ಪ್ರಶ್ನೆ ಹಿಡಿದು ಈ ವಾರ ಪ್ರಾರ್ಥಿಸೋಣ.

ಕರ್ತನೇ, ನಮ್ಮ ಪ್ರಾರ್ಥನೆಗೆ ಒಂದು ಬಾಗಿಲು ಕೊಡು. ಆಮೆನ್.